ನೀರು ತಿಳಿಯಾಗಿದೆ, ಟಿಡಿಎಸ್ ಕೂಡ ಕಡಿಮೆ. ಆದರೂ ಲ್ಯಾಬ್ ಪರೀಕ್ಷೆ ಬೇಕಾ?

ಪ್ರಶ್ನೆ: ನಮ್ಮ ಮನೆಗೆ ಬೋರ್‌ವೆಲ್ ನೀರೇ ಆಧಾರ. ಸುತ್ತ ಹೊಲಗಳಿವೆ, ಸ್ವಲ್ಪ ದೂರದಲ್ಲಿ ಒಂದು ಕಾರ್ಖಾನೆ ಇದೆ. ನೀರು ತಿಳಿಯಾಗಿದೆ, ರುಚಿಯಾಗಿದೆ. ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ 210 ತೋರಿಸುತ್ತದೆ. ಕುದಿಸಿಯೇ ಕುಡಿಯುತ್ತೇವೆ. ಮನೆಯಲ್ಲಿ ಮೂರು ತಿಂಗಳ ಮೊಮ್ಮಗಳಿದ್ದಾಳೆ, ಅವಳಿಗೆ ಪುಡಿ ಹಾಲು ಕಲಸಿ ಕೊಡುತ್ತೇವೆ. ನೀರಿನಲ್ಲಿ ರಾಸಾಯನಿಕ ಇದೆಯಾ ಅಂತ ಲ್ಯಾಬಿನಲ್ಲಿ ನೋಡಿಸಬೇಕಾ? ಒಂದು ಆರ್‌ಓ ಹಾಕಿಸಿದರೆ ಮುಗೀತಲ್ಲ ಎನ್ನುತ್ತಾನೆ ಮಗ.

ಉತ್ತರ: ನೋಡಿಸಬೇಕು. ಮೊದಲು ನೈಟ್ರೇಟ್ ಪರೀಕ್ಷೆ ಮಾಡಿಸಿ, ಈ ವಾರವೇ. ವರದಿ ಕೈಗೆ ಬರುವವರೆಗೆ ಮಗುವಿನ ಹಾಲಿಗೆ ಈ ನೀರು ಬೇಡ. ಕುದಿಸಿ ಆರಿಸಿದ್ದೂ ಬೇಡ. ನನ್ನ ಉತ್ತರ ಉದ್ದ ಇದೆ, ಮಗುವಿನ ವಿಷಯ ಅಷ್ಟು ಹೊತ್ತು ಕಾಯುವಂಥದ್ದಲ್ಲ. ಅದಕ್ಕೇ ಇದನ್ನು ಮೊದಲೇ ಹೇಳಿದೆ.

ಯಾಕೆ ನೈಟ್ರೇಟ್? ಸುತ್ತ ಹೊಲ ಇದೆ ಅಂದಿರಿ. ಗೊಬ್ಬರದಲ್ಲಿರುವ ಸಾರಜನಕವನ್ನೆಲ್ಲ ಬೆಳೆ ಹೀರಿಕೊಳ್ಳುವುದಿಲ್ಲ. ಉಳಿದದ್ದು ನೈಟ್ರೇಟ್ ಆಗಿ ಮಳೆ ನೀರಿನ ಜೊತೆ ಕೆಳಗಿಳಿಯುತ್ತದೆ. ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ದನದ ಕೊಟ್ಟಿಗೆ, ಸೆಪ್ಟಿಕ್ ಗುಂಡಿ ಹತ್ತಿರ ಇದ್ದರೂ ಅದೇ ಕಥೆ. ದೊಡ್ಡವರ ಹೊಟ್ಟೆಯ ಆಮ್ಲ ಜೋರಾಗಿರುತ್ತದೆ, ಹಾಗಾಗಿ ನಮಗೆ ಅಷ್ಟು ಬೇಗ ತೊಂದರೆ ಆಗುವುದಿಲ್ಲ. ಆರು ತಿಂಗಳೊಳಗಿನ ಮಗುವಿನ ಹೊಟ್ಟೆ ಹಾಗಲ್ಲ. ಅಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನೈಟ್ರೈಟ್ ಮಾಡಿಬಿಡುತ್ತವೆ. ನೈಟ್ರೈಟ್ ರಕ್ತಕ್ಕೆ ಸೇರಿದರೆ ಹಿಮೋಗ್ಲೋಬಿನ್‌ಗೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ. ಮಗು ಉಸಿರಾಡುತ್ತಲೇ ಇರುತ್ತದೆ, ಆದರೆ ಮೈಗೆ ಆಮ್ಲಜನಕ ಸಿಗುವುದಿಲ್ಲ. ತುಟಿ, ಉಗುರು ನೀಲಿಗಟ್ಟುತ್ತವೆ.

1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ ಇಂಥ ಹಸುಗೂಸುಗಳ ಬಗ್ಗೆ ಬರೆದರು. ಹಾಲು ಕಲಸಿದ್ದ ಬಾವಿ ನೀರಿನಲ್ಲಿ ನೈಟ್ರೇಟ್ ಹೆಚ್ಚಿತ್ತು. ಅಲ್ಲಿಂದ ಇದಕ್ಕೆ 'ನೀಲಿ ಮಗು' ಕಾಯಿಲೆ ಅಂತಲೇ ಹೆಸರು ಬಂತು. ಎದೆಹಾಲು ಮಾತ್ರ ಕುಡಿಯುವ ಮಕ್ಕಳಲ್ಲಿ ಇದು ಬಹಳ ಅಪರೂಪ. ಪುಡಿ ಹಾಲಿನ ಮಕ್ಕಳಲ್ಲಿ ಹಾಗಲ್ಲ, ಅವರಿಗೆ ನೀರೇ ಊಟ. ಒಂದು ಲೆಕ್ಕ ನೋಡಿ. 60 ಕೆಜಿ ತೂಕದ ದೊಡ್ಡವರು ದಿನಕ್ಕೆ 2 ಲೀಟರ್ ಕುಡಿದರೆ ಕೆಜಿಗೆ 33 ಮಿಲಿ ಆಯಿತು. 5 ಕೆಜಿಯ ಮಗು ಮುಕ್ಕಾಲು ಲೀಟರ್ ಹಾಲು ಕುಡಿದರೆ ಕೆಜಿಗೆ 150 ಮಿಲಿ. ಅದೇ ನೀರು, ಆದರೆ ಮೊಮ್ಮಗಳ ಮೈಗೆ ನಿಮಗಿಂತ ನಾಲ್ಕೂವರೆ ಪಟ್ಟು ಜಾಸ್ತಿ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ನೈಟ್ರೇಟ್‌ಗೆ ಲೀಟರಿಗೆ 50 ಮಿಲಿಗ್ರಾಂ ಮಿತಿ ಇಟ್ಟಿರುವುದು ಮುಖ್ಯವಾಗಿ ಇಂಥ ಕೂಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

ಈಗ ಕುದಿಸುವ ಮಾತು. ಕುದಿಸುವುದು ಒಳ್ಳೆಯ ಅಭ್ಯಾಸ, ಅದನ್ನು ಬಿಡಬೇಡಿ. ಬ್ಯಾಕ್ಟೀರಿಯಾ, ವೈರಸ್ ಸಾಯುತ್ತವೆ. ಆದರೆ ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್, ಸೀಸ ಇವಕ್ಕೆ ಜೀವವೇ ಇಲ್ಲ, ಸಾಯುವುದೆಲ್ಲಿಂದ ಬಂತು? ಅವು ಆವಿಯಾಗಿಯೂ ಹೋಗುವುದಿಲ್ಲ. ಆವಿಯಾಗುವುದು ನೀರು ಮಾತ್ರ. 2 ಲೀಟರ್ ನೀರನ್ನು 1 ಲೀಟರಿಗೆ ಇಳಿಯುವವರೆಗೆ ಕುದಿಸಿದರೆ ಲೀಟರಿಗೆ ಇರುವ ನೈಟ್ರೇಟ್ ದುಪ್ಪಟ್ಟಾಗುತ್ತದೆ. ಮಗುವಿಗೆ ಅಂತ ಹೆಚ್ಚು ಕಾಳಜಿಯಿಂದ ಹತ್ತಿಪ್ಪತ್ತು ನಿಮಿಷ ಕುದಿಸುವವರು ಇದ್ದಾರೆ. ನೋಡಿದರೆ ಸಂಕಟವಾಗುತ್ತದೆ. ಪ್ರೀತಿಯಿಂದ ಮಾಡಿದ ಕೆಲಸ ಇಲ್ಲಿ ತಿರುಗಿ ಹೊಡೆಯುತ್ತದೆ. ನೀರು ಚೆನ್ನಾಗಿ ಕೊತ ಕೊತ ಅಂದಮೇಲೆ ಒಂದು ನಿಮಿಷ ಸಾಕು.

ನಿಮ್ಮ ಟಿಡಿಎಸ್ ಮೀಟರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನನಗೆ ಬರುವ ಪ್ರಶ್ನೆಗಳಲ್ಲಿ ಈ ಮೀಟರ್ ಇಲ್ಲದ ಪ್ರಶ್ನೆಯೇ ಇಲ್ಲ. ಅದು ನೀರಿನೊಳಗೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡುತ್ತದೆ. ಅಷ್ಟೇ ಅದರ ಕೆಲಸ. ಆಮೇಲೆ ಅದನ್ನು ಒಂದು ಸಂಖ್ಯೆಯಿಂದ ಗುಣಿಸಿ 'ಇಷ್ಟು ಉಪ್ಪಿನಂಶ' ಎಂದು ತೋರಿಸುತ್ತದೆ. ಯಾವ ಉಪ್ಪು ಅಂತ ಅದಕ್ಕೆ ಗೊತ್ತಿಲ್ಲ. ನಿಮ್ಮ 210ರಲ್ಲಿ, ಅಂದರೆ ಲೀಟರಿಗೆ 210 ಮಿಲಿಗ್ರಾಂನಲ್ಲಿ, ಬಹುಪಾಲು ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಇರಬಹುದು. ಅದಾದರೆ ಏನೂ ತೊಂದರೆ ಇಲ್ಲ. ಆದರೆ ಅದೇ 210ರೊಳಗೆ 100 ಮಿಲಿಗ್ರಾಂ ನೈಟ್ರೇಟ್ ಕೂಡ ಆರಾಮಾಗಿ ಕೂತಿರಬಹುದು. ಮಿತಿಯ ಎರಡು ಪಟ್ಟು! ಮೀಟರ್ ಎರಡು ಸಲವೂ ಒಂದೇ ಅಂಕಿ ತೋರಿಸುತ್ತದೆ.

ಲ್ಯಾಬಿಗೆ ಬಂದವರಿಗೆ ನಾನು ಒಂದು ಪ್ರಯೋಗ ತೋರಿಸುತ್ತೇನೆ. ಮೇಜಿನ ಮೇಲೆ ಒಂದೊಂದು ಲೀಟರಿನ ಎರಡು ಗಾಜಿನ ಜಾಡಿ. ಎರಡರಲ್ಲೂ ಒಂದೇ ನಲ್ಲಿಯ ನೀರು. ಒಂದಕ್ಕೆ 11 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಹಾಕುತ್ತೇನೆ. ತೂಕದ ಕಾಗದದ ಮೇಲೆ ಅದು ಸರಿಯಾಗಿ ಕಾಣುವುದೂ ಇಲ್ಲ, ಬೆರಳಿಗೆ ಅಂಟುವಷ್ಟು ಬಿಳಿ ಪುಡಿ. ಕದಡಿದ ಮೇಲೆ ಎರಡೂ ಜಾಡಿ ಒಂದೇ ಥರ. ಅದೇ ಬಣ್ಣ, ಅದೇ ವಾಸನೆ. ಈಗ ಎರಡನೆಯ ಜಾಡಿಯಲ್ಲಿ ಫ್ಲೋರೈಡ್ ಲೀಟರಿಗೆ 5 ಮಿಲಿಗ್ರಾಂ ಇದೆ, ವಿಶ್ವ ಆರೋಗ್ಯ ಸಂಸ್ಥೆ ಹೇಳಿದ 1.5ಕ್ಕಿಂತ ಮೂರು ಪಟ್ಟಿಗೂ ಜಾಸ್ತಿ. ವರ್ಷಗಟ್ಟಲೆ ಕುಡಿದರೆ ಮೂಳೆಗೆ ಏಟು ಬೀಳುವ ಮಟ್ಟ ಅದು. ಟಿಡಿಎಸ್ ಮೀಟರ್ ಅದ್ದಿದರೆ 10–15 ಹೆಚ್ಚು ತೋರಿಸುತ್ತದೆ, ಅಷ್ಟೇ. ಆರ್ಸೆನಿಕ್ ಇನ್ನೂ ಮೋಸ. ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದರ ಹತ್ತು ಪಟ್ಟು ಇದ್ದರೂ ಮೀಟರಿನ ಕೊನೆಯ ಅಂಕಿಯೂ ಅಲುಗುವುದಿಲ್ಲ. ಅದರ ಮೇಲೆ, ಅಂತರ್ಜಲದಲ್ಲಿ ಆರ್ಸೆನಿಕ್ ಬಹಳ ಸಲ ಕರೆಂಟ್ ಹರಿಸದ ರೂಪದಲ್ಲೇ ಇರುತ್ತದೆ.

0.01 ಅಂದರೆ ಎಷ್ಟು ಅಂತ ಕಣ್ಣಿಗೆ ಕಟ್ಟುವುದಿಲ್ಲ, ಅಲ್ವಾ? 10 ಸಾವಿರ ಲೀಟರಿನ ಟ್ಯಾಂಕರ್ ಒಂದಕ್ಕೆ ಒಂದು ಗ್ರಾಂನ ಹತ್ತನೇ ಒಂದು ಭಾಗ ಬಿದ್ದರೆ ಅಷ್ಟಾಯಿತು.

ಇನ್ನು ರುಚಿ. ಇದು ಹಲವರನ್ನು ದಾರಿ ತಪ್ಪಿಸುತ್ತದೆ. ಗಡಸು ನೀರು ಕೆಟ್ಟದ್ದು, ಮೆದು ನೀರು ಒಳ್ಳೆಯದು ಅಂತ ನಾವು ನಾಲಿಗೆಯಿಂದ ತೀರ್ಮಾನ ಮಾಡುತ್ತೇವೆ. ಆದರೆ ಫ್ಲೋರೈಡ್ ಹೆಚ್ಚಿರುವುದು ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆ ಇರುವ ಮೆದು ನೀರಿನಲ್ಲೇ. ಕ್ಯಾಲ್ಸಿಯಂ ಧಾರಾಳ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಗಟ್ಟಿ ಮಾಡಿ ಕೂರಿಸುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಬಂಡೆಯಿಂದ ಬಿಟ್ಟ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಹಾಗಾಗಿ ಊರಲ್ಲೇ ಸಿಹಿ ನೀರು ಅಂತ ಹೆಸರು ಮಾಡಿದ ಬಾವಿಯಲ್ಲೇ ಅದು ಜಾಸ್ತಿ ಇದ್ದೀತು. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಫ್ರೆಡರಿಕ್ ಮೆಕೇ ಎಂಬ ಹಲ್ಲಿನ ವೈದ್ಯರು 1901ರಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ನೋಡಿದರು. ನೀರಿನದ್ದೇ ಕೆಲಸ ಇರಬೇಕು ಅಂತ ಅವರಿಗೆ ಅನುಮಾನ ಬಂದಿತ್ತು. ಮಾಮೂಲು ಪರೀಕ್ಷೆ ಮಾಡಿಸಿದರೆ ಏನೂ ಸಿಗುತ್ತಿರಲಿಲ್ಲ. ಫ್ಲೋರೈಡ್ ಎಂದು ಗೊತ್ತಾಗಿದ್ದು 1931ರಲ್ಲಿ. ಮೂವತ್ತು ವರ್ಷ! ನೀರು ಕಣ್ಣ ಮುಂದೆಯೇ ಇತ್ತು, ಹುಡುಕಬೇಕಾದ್ದು ಏನು ಎಂದು ಮಾತ್ರ ಗೊತ್ತಿರಲಿಲ್ಲ.

ಹುಡುಕಿದ್ದು ಮಾತ್ರ ಸಿಗುತ್ತದೆ. ನೀರಿನ ಪರೀಕ್ಷೆಯ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಇದಕ್ಕೆ ಬಾಂಗ್ಲಾದೇಶದಷ್ಟು ದೊಡ್ಡ ಬೆಲೆ ತೆತ್ತ ದೇಶ ಇನ್ನೊಂದಿಲ್ಲ.

ಅಲ್ಲಿ ಕೆರೆ, ಹೊಳೆ ನೀರು ಕುಡಿದು ಮಕ್ಕಳು ವಾಂತಿ ಭೇದಿಯಿಂದ ಸಾಯುತ್ತಿದ್ದರು. ಅದನ್ನು ತಡೆಯಲು 1970ರ ದಶಕದಲ್ಲಿ ಯುನಿಸೆಫ್ ಮತ್ತು ಸರ್ಕಾರ ಸೇರಿ ಕೈಪಂಪಿನ ಕೊಳವೆಬಾವಿಗಳನ್ನು ಹಾಕಿಸಿದರು. ಜನ ನಂಬಿದರು, ತಾವೂ ಲಕ್ಷಗಟ್ಟಲೆ ಬಾವಿ ಕೊರೆಸಿಕೊಂಡರು. ನೀರು ತಣ್ಣಗೆ, ಶುಭ್ರವಾಗಿ ಬರುತ್ತಿತ್ತು. ಆದರೆ ಆಗಿನ ನೀರಿನ ಪರೀಕ್ಷೆಯ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಹಿಮಾಲಯದಿಂದ ನದಿಗಳು ತಂದು ಹಾಸಿದ ಮಣ್ಣಿನಲ್ಲಿ ಅದು ಕಬ್ಬಿಣದ ತುಕ್ಕಿಗೆ ಅಂಟಿಕೊಂಡು ಕೂತಿತ್ತು. ಗಾಳಿಯಾಡದ ಆಳದಲ್ಲಿ ಆ ತುಕ್ಕು ಕರಗಿದಾಗ ಆರ್ಸೆನಿಕ್ ನೀರಿಗೆ ಬಿಡುತ್ತದೆ. ಪಕ್ಕದ ಪಶ್ಚಿಮ ಬಂಗಾಳದಲ್ಲಿ ಚರ್ಮರೋಗ ತಜ್ಞ ಕೆ.ಸಿ. ಸಹಾ 1983ರ ಹೊತ್ತಿಗೇ ಇಂಥ ರೋಗಿಗಳನ್ನು ಗುರುತಿಸಿದ್ದರು. ಅಂಗೈ, ಅಂಗಾಲಿನಲ್ಲಿ ಗಟ್ಟಿ ಗಂಟು, ಎದೆ ಬೆನ್ನಿನ ಮೇಲೆ ಕಪ್ಪು ಬಿಳಿ ಚುಕ್ಕೆ. ಬಾಂಗ್ಲಾದೇಶದ ಬಾವಿಗಳಲ್ಲಿ ಆರ್ಸೆನಿಕ್ ಇದೆ ಎಂದು ದೃಢವಾದದ್ದು 1993ರಲ್ಲಿ. 2000ದಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, ಆಗಿನ 12.5 ಕೋಟಿ ಜನರಲ್ಲಿ 3.5 ಕೋಟಿಯಿಂದ 7.7 ಕೋಟಿ ಜನ ಅಪಾಯದಲ್ಲಿದ್ದರು. ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್‌ಗಳು ಹತ್ತಾರು ವರ್ಷ ತಡವಾಗಿ ಕಾಣಿಸಿಕೊಳ್ಳುತ್ತವೆ. ಮಕ್ಕಳ ಜೀವ ಉಳಿಸಲೆಂದೇ ಹಾಕಿದ ಬಾವಿಗಳವು. ಹಾಕಿದವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಆ ಪಟ್ಟಿಯಲ್ಲಿ ಒಂದೇ ಒಂದು ಸಾಲು ಜಾಸ್ತಿ ಇದ್ದಿದ್ದರೆ ಅಂತ ಅನಿಸದೆ ಇರುವುದಿಲ್ಲ.

ಆಮೇಲೆ ಅಲ್ಲಿ ಮಾಡಿದ ಕೆಲಸವೂ ಗೊತ್ತಿರಲಿ. ಲಕ್ಷಾಂತರ ಕೈಪಂಪುಗಳನ್ನು ಪರೀಕ್ಷಿಸಿ, ಆರ್ಸೆನಿಕ್ ಹೆಚ್ಚಿದ್ದವುಗಳ ಮೂತಿಗೆ ಕೆಂಪು ಬಣ್ಣ, ಕಡಿಮೆ ಇದ್ದವಕ್ಕೆ ಹಸಿರು ಬಣ್ಣ ಬಳಿದರು. ಓದು ಬಾರದವರಿಗೂ ಅರ್ಥವಾಗುವ ಭಾಷೆ. ಒಂದು ಬಾವಿ ಕೆಂಪು, ಕೆಲವೇ ಮೀಟರ್ ಆಚೆಯದು ಹಸಿರು, ಹೀಗೂ ಇತ್ತು. ಅದಕ್ಕೇ ಪಕ್ಕದ ಮನೆಯವರ ವರದಿ ಚೆನ್ನಾಗಿದೆ ಅಂತ ನೀವು ಸುಮ್ನೆ ಕೂರುವ ಹಾಗಿಲ್ಲ. ಆಳ ಬೇರೆ ಇದ್ದರೆ ನೀರೂ ಬೇರೆ.

ಹಾಗಾದರೆ ನೀವು ಏನೇನು ಹುಡುಕಬೇಕು? ಲ್ಯಾಬಿನಲ್ಲಿ 'ಎಲ್ಲಾ ಪರೀಕ್ಷೆ ಮಾಡಿ' ಅಂದರೆ ದುಡ್ಡು ಹೋಗುತ್ತದೆ, ಬೇಕಾದ್ದು ಬಿಟ್ಟೂ ಹೋಗಬಹುದು. ಮೊದಲು ಬಾವಿಯ ಸುತ್ತ ಒಂದು ಸುತ್ತು ಹಾಕಿ ಬನ್ನಿ. ಹೊಲ ಇದೆ, ಹಾಗಾಗಿ ನೈಟ್ರೇಟ್. ಅಲ್ಲಿ ಯಾವ ಕಳೆನಾಶಕ, ಕೀಟನಾಶಕ ಹೊಡೆಯುತ್ತಾರೆ ಅಂತ ಹೊಲದವರನ್ನೇ ಕೇಳಿ, ಆ ಹೆಸರು ಲ್ಯಾಬಿಗೆ ಕೊಡಿ. ಬೋರ್‌ವೆಲ್ ಬಂಡೆಯೊಳಗೆ ಇಳಿದಿದ್ದರೆ ಫ್ಲೋರೈಡ್, ಆರ್ಸೆನಿಕ್, ಯುರೇನಿಯಂ. ಬಂಡೆಯಲ್ಲಿ ಸಹಜವಾಗಿ ಇರುವ ವಿಷಕ್ಕೆ ಕಾರ್ಖಾನೆ ಬೇಕಿಲ್ಲ. ಯುರೇನಿಯಂ ಅಂದ ತಕ್ಷಣ ವಿಕಿರಣದ ಭಯ ಬರುತ್ತದೆ, ಆದರೆ ಕುಡಿಯುವ ನೀರಿನಲ್ಲಿ ಮುಖ್ಯ ಚಿಂತೆ ಮೂತ್ರಪಿಂಡದ್ದು. ಮಿತಿ ಲೀಟರಿಗೆ 30 ಮೈಕ್ರೋಗ್ರಾಂ.

ಕಾರ್ಖಾನೆ ಏನು ಮಾಡುತ್ತದೆ ಎಂಬುದು ಮುಖ್ಯ. ಲೋಹಕ್ಕೆ ಮೆರುಗು ಕೊಡುವ ಕಡೆ ಕ್ರೋಮಿಯಂ. ಬಿಡಿಭಾಗಗಳ ಜಿಡ್ಡು ತೊಳೆಯುವ ಕಡೆ ಟ್ರೈಕ್ಲೋರೋಎಥಿಲೀನ್‌ನಂಥ ದ್ರಾವಕಗಳು. ಇವು ನೀರಿಗಿಂತ ಭಾರ. ಸೋರಿದರೆ ಅಂತರ್ಜಲದ ತಳಕ್ಕೆ ಇಳಿದು ದಶಕಗಟ್ಟಲೆ ಅಲ್ಲೇ ಕೂತು ಸ್ವಲ್ಪ ಸ್ವಲ್ಪ ಕರಗುತ್ತಿರುತ್ತವೆ. ಇವು ಕುದಿಸಿದರೆ ಆವಿಯಾಗುತ್ತವೆ ನಿಜ, ಆದರೆ ಹೋಗುವುದು ಅಡುಗೆಮನೆಯ ಗಾಳಿಗೆ. ನೀರು ಹಿಡಿಯದ ಬಟ್ಟೆ, ಅಂಟದ ಪಾತ್ರೆ, ಬೆಂಕಿ ಆರಿಸುವ ನೊರೆ ಇಂಥವುಗಳ ತಯಾರಿಕೆ ಅಥವಾ ಬಳಕೆ ಇದ್ದರೆ ಪಿಫಾಸ್ (PFAS) ಎನ್ನುವ ರಾಸಾಯನಿಕಗಳ ಗುಂಪು. ಅವು ಮಣ್ಣಿನಲ್ಲೂ ಮೈಯಲ್ಲೂ ಬೇಗ ಒಡೆಯುವುದಿಲ್ಲ. ಅಮೆರಿಕ 2024ರಲ್ಲಿ ಆ ಗುಂಪಿನ ಎರಡಕ್ಕೆ, ಪಿಎಫ್ಒಎ ಮತ್ತು ಪಿಎಫ್ಒಎಸ್‌ಗೆ, ಲೀಟರಿಗೆ 4 ನ್ಯಾನೋಗ್ರಾಂ ಮಿತಿ ಇಟ್ಟಿತು. ಒಲಿಂಪಿಕ್ ಈಜುಕೊಳದ 25 ಲಕ್ಷ ಲೀಟರ್ ನೀರಿನಲ್ಲಿ 10 ಮಿಲಿಗ್ರಾಂ ಇದ್ದ ಹಾಗೆ. ಇದನ್ನು ಅಳೆಯುವ ಲ್ಯಾಬುಗಳು ಕಡಿಮೆ, ಖರ್ಚೂ ಜಾಸ್ತಿ. ಕಾರ್ಖಾನೆಯ ಕೆಲಸ ನೋಡಿ ಅನುಮಾನ ಬಂದರೆ ಮಾತ್ರ ಮಾಡಿಸಿ.

ಸೀಸದ ವಿಷಯ ಬೇರೆ. ಅದು ಬಾವಿಯಿಂದ ಬರುವುದು ಅಪರೂಪ, ಬರುವುದು ಮನೆಯ ಪೈಪು, ಬೆಸುಗೆ, ಹಿತ್ತಾಳೆ ನಲ್ಲಿಗಳಿಂದ. ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ. ನೀರು ಸ್ವಲ್ಪ ಹುಳಿ ಅಂಶದ್ದಾಗಿದ್ದರೆ ರಾತ್ರಿಯಿಡೀ ಪೈಪಿನಲ್ಲಿ ನಿಂತು ಲೋಹವನ್ನು ಕರಗಿಸುತ್ತದೆ. ಅದಕ್ಕೇ ಬೆಳಿಗ್ಗೆ ನಲ್ಲಿ ತಿರುಗಿಸಿದ ತಕ್ಷಣ ಬರುವ ನೀರನ್ನು ಕುಡಿಯಲು ಹಿಡಿಯಬೇಡಿ. ತಣ್ಣನೆಯ ನೀರು ಬರುವವರೆಗೆ ನಲ್ಲಿ ಹರಿಯಲು ಬಿಡಿ, ಬಿಟ್ಟ ನೀರು ಪಾತ್ರೆ ತೊಳೆಯಲು, ಗಿಡಕ್ಕೆ ಆಗುತ್ತದೆ. ಬಿಸಿನೀರಿನ ನಲ್ಲಿಯಿಂದ ಹಾಲು ಕಲಸುವುದು, ಅಡುಗೆ ಮಾಡುವುದು ಯಾವತ್ತೂ ಬೇಡ.

ಸ್ಯಾಂಪಲ್ ಹಿಡಿಯುವುದರಲ್ಲಿ ಎಡವುವವರು ಬಹಳ. ಜ್ಯೂಸ್ ಬಾಟಲಿ ತೊಳೆದು ತಂದುಕೊಡುತ್ತಾರೆ. ಅದರಿಂದ ಬರುವ ಅಂಕಿಗೆ ಅರ್ಥವಿಲ್ಲ. ಬಾಟಲಿ ಲ್ಯಾಬಿನವರೇ ಕೊಡಬೇಕು, ಕೇಳಿ ತೆಗೆದುಕೊಳ್ಳಿ. ಸೀಸಕ್ಕೆ ಮಾತ್ರ ಆರು ಗಂಟೆ ನಿಂತ ನೀರಿನ ಮೊದಲ ಲೀಟರೇ ಬೇಕು, ಒಂದು ಹನಿಯೂ ಹರಿಸದೆ ಹಿಡಿಯಬೇಕು. ಬಾವಿಯ ನೀರನ್ನೇ ತಿಳಿಯುವ ಮಿಕ್ಕ ಪರೀಕ್ಷೆಗಳಿಗೆ ಉಲ್ಟಾ, ಪಂಪ್ ಐದು ಹತ್ತು ನಿಮಿಷ ಓಡಿಸಿ ಆಮೇಲೆ ಹಿಡಿಯಿರಿ, ಫಿಲ್ಟರಿಗೆ ಹೋಗುವ ಮೊದಲೇ. ಫ್ಲೋರೈಡ್‌ಗೆ ಪ್ಲಾಸ್ಟಿಕ್ ಬಾಟಲಿ. ದ್ರಾವಕಗಳಿಗೆ ಚಿಕ್ಕ ಗಾಜಿನ ಶೀಶೆ, ಅಂಚಿನವರೆಗೆ ತುಂಬಿ ಮುಚ್ಚಬೇಕು. ಮುಚ್ಚಿದ ಮೇಲೆ ತಲೆಕೆಳಗೆ ಮಾಡಿ ಬೆರಳಿನಿಂದ ತಟ್ಟಿ ನೋಡಿ, ಒಂದು ಗುಳ್ಳೆ ಕಂಡರೂ ಮತ್ತೆ ತುಂಬಿ. ಆ ಗುಳ್ಳೆಯೊಳಗೆ ದ್ರಾವಕ ಸೇರಿಕೊಂಡು ಅಂಕಿ ಕಡಿಮೆ ಬರುತ್ತದೆ. ನೈಟ್ರೇಟ್ ಸ್ಯಾಂಪಲನ್ನು ಐಸ್ ಇಟ್ಟ ಡಬ್ಬಿಯಲ್ಲಿ ಅದೇ ದಿನ ತಲುಪಿಸಿ. ಬೆಚ್ಚಗೆ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಹಾಕುತ್ತವೆ. ಮಳೆಗಾಲದ ಮೊದಲು ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ಮಾಡಿಸಿದರೆ ಇನ್ನೂ ಒಳ್ಳೆಯದು. ಗೊಬ್ಬರ ಹಾಕಿ ಮಳೆ ಬಿದ್ದ ಮೇಲೆ ಅಂಕಿ ಮೇಲೇರುವ ಬಾವಿಗಳಿವೆ.

ನಿಮ್ಮ ಮಗ ಹೇಳಿದ ಆರ್‌ಓ ಬಗ್ಗೆ, ಅಂದರೆ ನೀರನ್ನು ತೆಳು ಪೊರೆಯ ಮೂಲಕ ಒತ್ತಿ ಸೋಸುವ ಯಂತ್ರದ ಬಗ್ಗೆ. ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. ಆರ್‌ಓ ಫ್ಲೋರೈಡ್, ಸೀಸ, ಯುರೇನಿಯಂ ಬಹುಪಾಲು ತೆಗೆಯುತ್ತದೆ. ನೈಟ್ರೇಟನ್ನು ಅಷ್ಟು ಪೂರ್ತಿಯಾಗಿ ತೆಗೆಯುವುದಿಲ್ಲ. ಬಾವಿಯಲ್ಲಿ 150 ಇದ್ದರೆ ಹೊರಬರುವ ನೀರು ಮಿತಿಯೊಳಗೆ ಬಂತಾ ಅಂತ ಅಳೆದೇ ನೋಡಬೇಕು. ಆರ್ಸೆನಿಕ್‌ಗೆ ಎರಡು ರೂಪ. ಒಂದನ್ನು ಆರ್‌ಓ ಚೆನ್ನಾಗಿ ತಡೆಯುತ್ತದೆ. ಇನ್ನೊಂದು, ಅದೇ ಅಂತರ್ಜಲದಲ್ಲಿ ಹೆಚ್ಚಾಗಿ ಸಿಗುವ ಕರೆಂಟ್ ಹರಿಸದ ರೂಪ, ಪೊರೆಯೊಳಗೆ ನುಸುಳುತ್ತದೆ. ಯುವಿ ದೀಪ ಕ್ರಿಮಿ ಕೊಲ್ಲುವುದಕ್ಕೆ ಮಾತ್ರ, ರಾಸಾಯನಿಕಕ್ಕೆ ಅದು ಬರೀ ಬೆಳಕು. ಕಾರ್ಬನ್ ಫಿಲ್ಟರ್ ದ್ರಾವಕ, ಹಲವು ಕೀಟನಾಶಕ, ಕ್ಲೋರಿನ್ ವಾಸನೆ ಹಿಡಿಯುತ್ತದೆ. ನೈಟ್ರೇಟ್, ಫ್ಲೋರೈಡ್ ಅದರ ಕೈಗೆ ಸಿಗುವುದಿಲ್ಲ. ಫ್ಲೋರೈಡ್ ಒಂದೇ ತೊಂದರೆ ಇದ್ದರೆ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಸಾಕಾದೀತು.

ಹಾಗಾಗಿ ಮೊದಲು ವರದಿ, ಆಮೇಲೆ ಯಂತ್ರ. ಕಾಯಿಲೆ ಗೊತ್ತಿಲ್ಲದೆ ಔಷಧಿ ತರುವವರು ಯಾರಿದ್ದಾರೆ? ಯಂತ್ರ ಹಾಕಿಸಿದರೆ ಆರು ತಿಂಗಳಿಗೊಮ್ಮೆ ಅದರಿಂದ ಬರುವ ನೀರನ್ನೂ ಪರೀಕ್ಷೆ ಮಾಡಿಸಿ. ಪೊರೆ ಹಾಳಾಗುವಾಗ ಶಬ್ದ ಮಾಡುವುದಿಲ್ಲ. ಇನ್ನೊಂದು ವಿಷಯ, ಆರ್‌ಓ ಹೊರಹಾಕುವ ನೀರಿನಲ್ಲಿ ತೆಗೆದ ವಿಷವೆಲ್ಲ ಗಟ್ಟಿಯಾಗಿ ಸೇರಿರುತ್ತದೆ. ಅದನ್ನು ಬಾವಿಯ ಪಕ್ಕದ ಗುಂಡಿಗೆ ಬಿಟ್ಟರೆ ಮತ್ತೆ ನಿಮ್ಮ ಬಾವಿಗೇ ಬರುತ್ತದೆ.

ಕೆಲವರು ಇದನ್ನೆಲ್ಲ ಓದಿ ಕ್ಲೋರಿನ್ ಕೂಡ ರಾಸಾಯನಿಕ ತಾನೇ, ಬೇಡ ಎನ್ನುತ್ತಾರೆ. ಆ ದಾರಿ ಹಿಡಿಯಬೇಡಿ. ಕ್ಲೋರಿನ್ ನೀರಿನಲ್ಲಿರುವ ಎಲೆ ಕೊಳೆತ ಅಂಶದ ಜೊತೆ ಸೇರಿ ಕ್ಲೋರೋಫಾರಂನಂಥವನ್ನು ಹುಟ್ಟಿಸುತ್ತದೆ ಎಂದು 1974ರಲ್ಲಿ ನೆದರ್ಲೆಂಡ್ಸ್‌ನ ರಸಾಯನಶಾಸ್ತ್ರಜ್ಞ ಯೋಹಾನೆಸ್ ರೂಕ್ ತೋರಿಸಿದರು. ಅದಕ್ಕೂ ಮಿತಿಗಳಿವೆ. ಕ್ಲೋರಿನ್ ಹಾಕುವ ಮೊದಲು ನೀರನ್ನು ಚೆನ್ನಾಗಿ ಸೋಸಿದರೆ ಅದು ಕಡಿಮೆ ಹುಟ್ಟುತ್ತದೆ. ಆದರೆ ಆ ಭಯಕ್ಕೆ ಕ್ಲೋರಿನ್ ನಿಲ್ಲಿಸಿದರೆ ಕಾಲರಾ, ಟೈಫಾಯ್ಡ್ ಕಾಯುತ್ತಿರುತ್ತವೆ, ಅವು ವರ್ಷಗಟ್ಟಲೆ ತಡ ಮಾಡುವುದಿಲ್ಲ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ನಿಮ್ಮ ಪ್ರಶ್ನೆ ನಿಮ್ಮ ಮನೆಯದ್ದು, ಆದರೆ ಅಂತರ್ಜಲಕ್ಕೆ ಕಾಂಪೌಂಡ್ ಇಲ್ಲ. ಒಬ್ಬೊಬ್ಬರೂ ತಮ್ಮ ಅಡುಗೆಮನೆಯಲ್ಲಿ ಒಂದೊಂದು ಯಂತ್ರ ಇಟ್ಟುಕೊಳ್ಳುವುದನ್ನು ಸಾರ್ವಜನಿಕ ಆರೋಗ್ಯ ಎನ್ನಲು ನಾನು ಒಪ್ಪುವುದಿಲ್ಲ. ಕೊಳ್ಳಲಾಗದವರ ಮಕ್ಕಳು ಅದೇ ನೀರು ಕುಡಿಯುತ್ತಾರಲ್ಲ.

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಆಗಿದ್ದು ಕೇಳಿ. ದುಡ್ಡು ಉಳಿಸಲು 2014ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್ ನೀರು ಬಿಟ್ಟು ಫ್ಲಿಂಟ್ ನದಿಯ ನೀರಿಗೆ ಬದಲಾಯಿಸಿದರು. ಮೊದಲಿನ ನೀರಿಗೆ ಫಾಸ್ಫೇಟ್ ಹಾಕುತ್ತಿದ್ದರು, ಅದು ಸೀಸದ ಪೈಪುಗಳ ಒಳಗೆ ಒಂದು ತೆಳು ಪದರ ಕಟ್ಟುತ್ತಿತ್ತು. ಹೊಸ ನೀರಿಗೆ ಅದನ್ನು ಹಾಕಲಿಲ್ಲ. ಪದರ ಕಿತ್ತುಹೋಯಿತು, ಸೀಸ ನಲ್ಲಿಗೆ ಬಂತು. ಜನ ಕಂದು ನೀರಿನ ಬಾಟಲಿ ಹಿಡಿದು ಸಭೆಗಳಿಗೆ ಹೋದರು. ಆ ವರ್ಷ ಅಕ್ಟೋಬರ್‌ನಲ್ಲಿ ಊರಿನ ಜನರಲ್ ಮೋಟರ್ಸ್ ಎಂಜಿನ್ ಕಾರ್ಖಾನೆ, ಈ ನೀರಿನಿಂದ ಬಿಡಿಭಾಗಗಳು ತುಕ್ಕು ಹಿಡಿಯುತ್ತಿವೆ ಎಂದು ಅದನ್ನು ಬಿಟ್ಟಿತು. ಜನ ಮಾತ್ರ ಇನ್ನೂ ಒಂದು ವರ್ಷ ಅದನ್ನೇ ಕುಡಿದರು. ಲೀಆನ್ ವಾಲ್ಟರ್ಸ್ ಎಂಬ ತಾಯಿ ಹಟ ಹಿಡಿದು ತಮ್ಮ ಮನೆಯ ನೀರು ಪರೀಕ್ಷೆ ಮಾಡಿಸಿದರು. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಅವರ ತಂಡ ಊರಿನ ತುಂಬ ಸ್ಯಾಂಪಲ್ ತೆಗೆಯಿತು. ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟೀಷಾ 2015ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ರಕ್ತದಲ್ಲಿ ಸೀಸ ಏರಿದ ಲೆಕ್ಕ ತೋರಿಸಿದರು. ಅಕ್ಟೋಬರ್‌ನಲ್ಲಿ ನೀರು ವಾಪಸ್ ಬದಲಾಯಿತು.

ಇಂಗ್ಲೆಂಡಿನ ಕ್ಯಾಮೆಲ್‌ಫರ್ಡ್ ಸುತ್ತಮುತ್ತ 1988ರ ಜುಲೈ 6ರಂದು ನೀರು ತಿಳಿಗೊಳಿಸಲು ಬಳಸುವ 20 ಟನ್ ಅಲ್ಯುಮಿನಿಯಂ ಸಲ್ಫೇಟನ್ನು ತಪ್ಪು ತೊಟ್ಟಿಗೆ ಸುರಿದುಬಿಟ್ಟರು. ಸುಮಾರು 20 ಸಾವಿರ ಜನರಿಗೆ ಹೋಗುವ ನೀರು. ತಪ್ಪು ಆಗಿದ್ದು ಒಂದು ಗಳಿಗೆಯಲ್ಲಿ. ಏನಾಯಿತು ಎಂದು ಜನರಿಗೆ ಹೇಳಿದ್ದು ಎರಡು ವಾರದ ಮೇಲೆ. ನನಗೆ ಸಿಟ್ಟು ಬರುವುದು ಆ ಎರಡು ವಾರದ ಬಗ್ಗೆ. ಯಂತ್ರ ಕೆಡುತ್ತದೆ, ಮನುಷ್ಯ ತಪ್ಪುತ್ತಾನೆ. ಆದರೆ ತಕ್ಷಣ 'ಕುಡಿಯಬೇಡಿ' ಅಂತ ಒಂದು ಮಾತು ಹೇಳುವುದಕ್ಕೆ ಯಾವ ತಂತ್ರಜ್ಞಾನವೂ ಬೇಕಿಲ್ಲ.

ಒಳ್ಳೆಯ ಉದಾಹರಣೆಗಳೂ ಇವೆ. ಜರ್ಮನಿಯ ಮ್ಯೂನಿಕ್ ನಗರ 1992ರಿಂದ ತನ್ನ ನೀರಿನ ಮೂಲದ ಕಣಿವೆಯಲ್ಲಿ ಸಾವಯವ ಬೇಸಾಯ ಮಾಡುವ ರೈತರಿಗೆ ದುಡ್ಡು ಕೊಡುತ್ತಿದೆ. ನೈಟ್ರೇಟ್ ಬಂದ ಮೇಲೆ ತೆಗೆಯುವುದಕ್ಕಿಂತ ಬರದಂತೆ ನೋಡಿಕೊಳ್ಳುವುದು ಸಲೀಸು ಅಂತ ಅವರು ಲೆಕ್ಕ ಹಾಕಿದರು. ನಿಮ್ಮ ಸುತ್ತಲಿನ ಹೊಲದವರನ್ನು ಶತ್ರುಗಳ ಹಾಗೆ ನೋಡಬೇಡಿ. ಅವರ ಮನೆಯವರೂ ಅದೇ ನೀರು ಕುಡಿಯುತ್ತಿರಬಹುದು. ಮಳೆಗೆ ಸ್ವಲ್ಪ ಮುಂಚೆ ಸುರಿದ ಗೊಬ್ಬರ ಬೆಳೆಗಿಂತ ಬಾವಿಗೇ ಹೆಚ್ಚು ಹೋಗುತ್ತದೆ, ಅವರಿಗೂ ಅದು ನಷ್ಟವೇ.

ನಿಮ್ಮ ಬಾವಿಯ ಬಾಯಿಯನ್ನೂ ಒಮ್ಮೆ ನೋಡಿ ಬನ್ನಿ. ಕೇಸಿಂಗ್ ಪೈಪ್ ನೆಲಕ್ಕಿಂತ ಮೇಲೆ ನಿಂತಿದೆಯಾ? ಸುತ್ತ ಸಿಮೆಂಟ್ ಕಟ್ಟೆ ಬಿರುಕು ಬಿಟ್ಟಿದೆಯಾ? ಮುಚ್ಚಳ ಸರಿಯಾಗಿ ಕೂತಿದೆಯಾ? ಗೊಬ್ಬರದ ಚೀಲ, ಔಷಧಿ ಡಬ್ಬ, ಡೀಸೆಲ್ ಡ್ರಮ್ ಪಂಪ್ ಶೆಡ್ಡಿನಲ್ಲಿ ಇಟ್ಟಿದ್ದರೆ ಇವತ್ತೇ ತೆಗೆಸಿ. ಕೇಸಿಂಗ್ ಪಕ್ಕದಲ್ಲೇ ನೀರು ಇಂಗುತ್ತಿದ್ದರೆ, ಮೇಲಿನ ಕೊಳೆಗೆ ನೀವೇ ದಾರಿ ಮಾಡಿಕೊಟ್ಟಂತೆ.

ಮಗುವಿನ ಹಾಲಿಗೆ ಸದ್ಯಕ್ಕೆ ನೈಟ್ರೇಟ್ ಎಷ್ಟಿದೆ ಎಂದು ವರದಿ ಇರುವ ನೀರನ್ನೇ ತನ್ನಿ, ಅದನ್ನು ಒಂದು ನಿಮಿಷ ಕುದಿಸಿ ಬಳಸಿ. ಇಷ್ಟು ದಿನ ಈ ನೀರು ಕುಡಿದೂ ಅವಳು ಲವಲವಿಕೆಯಿಂದ ಇದ್ದರೆ ಗಾಬರಿ ಬೇಡ. ತುಟಿ, ಉಗುರಿನ ಬಣ್ಣ ನೀಲಿ ಅಥವಾ ಬೂದು ಅನಿಸಿದರೆ, ಮಗು ಮಂಕಾದರೆ, ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 'ಬೋರ್‌ವೆಲ್ ನೀರಿನಲ್ಲಿ ಹಾಲು ಕಲಸಿದ್ದೆವು' ಎಂದು ವೈದ್ಯರಿಗೆ ಮೊದಲೇ ಹೇಳಿ. ಇದಕ್ಕೆ ಮದ್ದಿದೆ, ಕಾರಣ ಗೊತ್ತಾದರೆ ಬೇಗ ಕೊಡುತ್ತಾರೆ.

ವರದಿ ಬಂದಾಗ ನೈಟ್ರೇಟ್ ಸಾಲನ್ನು ಎರಡು ಸಲ ಓದಿ. ಕೆಲವು ಲ್ಯಾಬುಗಳು 'ನೈಟ್ರೇಟ್' ಎಂದು ಬರೆಯುತ್ತವೆ, ಕೆಲವು 'ನೈಟ್ರೇಟ್ ನೈಟ್ರೋಜನ್' ಎಂದು. ಮೊದಲನೆಯದಕ್ಕೆ ಮಿತಿ 50, ಎರಡನೆಯದಕ್ಕೆ ಸುಮಾರು 11. ಅಂಕಿ 20 ಎಂದಿದ್ದರೆ ಒಂದು ಲೆಕ್ಕದಲ್ಲಿ ಮಗುವಿಗೆ ಕೊಡಬಹುದು, ಇನ್ನೊಂದು ಲೆಕ್ಕದಲ್ಲಿ ಖಂಡಿತ ಕೊಡಬಾರದು. ಯಾವುದು ಅಂತ ಲ್ಯಾಬಿಗೆ ಫೋನ್ ಮಾಡಿ ಕೇಳಿ. ಆಮೇಲೆ ಆ ಕಾಗದದ ಒಂದು ಪ್ರತಿ ಪಕ್ಕದ ಮನೆಗಳಿಗೂ ಕೊಡಿ, ಇನ್ನೊಂದು ನನಗೆ ಕಳಿಸಿ. ಯಾವ ಫಿಲ್ಟರ್ ಬೇಕು, ಬೇಕೇ ಬೇಕಾ ಅಂತ ಅದನ್ನು ನೋಡಿ ಹೇಳುತ್ತೇನೆ.